ಅರವತ್ತೆರಡು ಸೆಂಟ್ಸ್ ಮಳೆ

ಆಗ ನನಗೆ ಎಪ್ಪತ್ತೊಂದು ವರ್ಷ. ಇದು ನಡೆದು ಮೂರು ವರ್ಷವಾಯಿತು. ಅಷ್ಟು ವಯಸ್ಸಾಗುವವರೆಗೂ ಹವ್ಯಾಸ ಎನ್ನುವುದನ್ನು ಹುಡುಕಿಕೊಂಡು ಹೋಗಬೇಕೆಂದು ನನಗೆ ಗೊತ್ತಿರಲಿಲ್ಲ. ನಾವು ಮಕ್ಕಳಾಗಿದ್ದಾಗ ಕೈ ಖಾಲಿ ಕಂಡರೆ ಸಗಣಿ ಬುಟ್ಟಿ ಕೊಡುತ್ತಿದ್ದರು. ಈಗ ಕೀಬೋರ್ಡ್ ಕೊಡುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಸಗಣಿ ಬುಟ್ಟಿ ಸದ್ದು ಮಾಡುವುದಿಲ್ಲ ಎಂದಷ್ಟೇ ಹೇಳಬಲ್ಲೆ. ನಾನು ಓದಿದ್ದು ಎರಡನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ, ಒತ್ತಕ್ಷರ ಬಂದ ಕಡೆ ಎಡವುತ್ತೇನೆ. ಈ ಬರಹದಲ್ಲಿ ಸರಿಯಾಗಿರುವ ಒತ್ತಕ್ಷರಗಳೆಲ್ಲ ಮೊಮ್ಮಗಳು ಪಲ್ಲವಿ ತಿದ್ದಿದ್ದು. ವಿಷಯವೂ ಅವಳದೇ.

ಪಲ್ಲವಿಗೆ ಆಗ ಹತ್ತು ವರ್ಷ. ಸೊಸೆ ಸವಿತಾ ಸುಂಟಿಕೊಪ್ಪದಲ್ಲಿ ಕೆಲಸಕ್ಕೆ ಹೋಗುವವಳು. ಅಲ್ಲಿ ಜೊತೆಯವರ ಮಕ್ಕಳೆಲ್ಲ ಒಂದೊಂದು ಕಲಿತು ಬಹುಮಾನದ ಕಪ್ಪು ಗೆದ್ದು ತಂದಿದ್ದರು. ನಮ್ಮವಳನ್ನೂ ಕೀಬೋರ್ಡಿಗೆ ಸೇರಿಸಿದಳು. ಒಂದು ಕೀ ಒತ್ತಿದರೆ ಸದ್ದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಇವಳು ಗಡಿಯಾರ ನೋಡುತ್ತ ಕೂತಳಂತೆ; ಮೇಷ್ಟ್ರು ಕೈ ಮುಗಿದರು. ಚಿತ್ರದ ಕ್ಲಾಸಿನಲ್ಲಿ ಎಲ್ಲರೂ ಮನೆ ಬರೆದರೆ ಇವಳು ಸ್ಕೇಲ್ ಹಿಡಿದು ಒಂದೇ ಹೆಂಚು ಬರೆದು ಬಂದಳು. ಕರಾಟೆಯಲ್ಲಿ, ಏನೂ ಮಾಡದವನನ್ನು ನಾನ್ಯಾಕೆ ಒದೀಲಿ ಎಂದು ಕೇಳಿದಳು. ಅಡುಗೆಯಾದರೂ ಬರಲಿ ಎಂದು ನಾನು ಒಲೆ ಮುಂದೆ ನಿಲ್ಲಿಸಿಕೊಂಡೆ. ಒಂದು ಚಿಟಿಕೆ ಉಪ್ಪು ಹಾಕು ಎಂದರೆ, "ನಿನ್ನ ಚಿಟಿಕೆನಾ, ನನ್ನ ಚಿಟಿಕೆನಾ ಅಜ್ಜಿ?" ಎಂದಳು. ಆವತ್ತಿನ ಸಾರಿಗೆ ಉಪ್ಪೇ ಬೀಳಲಿಲ್ಲ.

ಕೊನೆಗೆ ಸವಿತಾ ತೀರ್ಮಾನ ಮಾಡಿದಳು. ಪರೀಕ್ಷೆ ಮುಗಿಯುವುದರೊಳಗೆ ಒಂದಾದರೂ ಹವ್ಯಾಸಕ್ಕೆ ಅಂಟಿಕೊಳ್ಳದಿದ್ದರೆ ರಜೆ ಪೂರ್ತಿ ಮೈಸೂರಿನ ಚಿಕ್ಕಮ್ಮನ ಮನೆ. ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬೇಸಿಗೆ ಶಿಬಿರ. ಅವತ್ತು ಹುಡುಗಿ ನನ್ನ ಪಕ್ಕ ಕೂತು, "ಅಜ್ಜಿ, ನಂಗೆ ಏನೂ ಬರಲ್ವಾ?" ಎಂದಳು. "ಉಣ್ಣಕ್ಕೆ ಬರ್ತದಲ್ಲ, ಎದ್ದು ತಟ್ಟೆ ತಗೋ" ಎಂದೆ. ಆದರೆ ಅವಳ ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ಒಳಗೇ ಉಳಿಯಿತು.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮಾದಾಪುರದ ಕಡೆ ಕಾಫಿ ತೋಟ ಇರುವ ಮನೆಯಲ್ಲಿ ದೇವರ ಫೋಟೊ ಇಲ್ಲದಿದ್ದರೂ ಮಳೆ ಅಳೆಯುವ ರೈನ್‌ಗೇಜ್ ಇರುತ್ತದೆ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ, ಗೆರೆ ಹಾಕಿದ ಗಾಜಿನ ಲೋಟ. ಮಳೆ ಬಂದ ಮಾರನೇ ಬೆಳಿಗ್ಗೆ ಎಂಟಕ್ಕೆ ಅಳೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಅಕ್ಕಪಕ್ಕದವರಿಗೆ ಫೋನು ಮಾಡಬೇಕು. ನೂರು ಸೆಂಟ್ಸಿಗೆ ಒಂದು ಇಂಚು. ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಬಿಡಿಸುವ ಮಳೆ ಬಂದಾಗಂತೂ ನೆಂಟರ ಕ್ಷೇಮ ಆಮೇಲೆ, ಸೆಂಟ್ಸ್ ಮೊದಲು. ಮಳೆ ಸಾಲದಿದ್ದರೆ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಬೇಕು, ಇಲ್ಲದಿದ್ದರೆ ಹೂ ಅರ್ಧಕ್ಕೇ ಕರಗಿಹೋಗುತ್ತದೆ. ನಮ್ಮ ಯಜಮಾನರು ಹೋಗಿ ಆಗ ಹನ್ನೊಂದು ವರ್ಷ; ಅಂದಿನಿಂದ ಈ ಕೆಲಸ ನನ್ನದು. ತೊರೆಯ ಆಚೆ ಬೋಪಯ್ಯನವರ ತೋಟ. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಜೀಪು ತರುವವರು. ಆದರೆ ಹನ್ನೊಂದು ವರ್ಷ ಒಂದು ಸಲವೂ ಅವರ ಮಳೆ ನನ್ನ ಮಳೆಗಿಂತ ಕಡಿಮೆ ಬಂದದ್ದಿಲ್ಲ. "ಅಷ್ಟೇಯಾ ಅಕ್ಕ? ನಮ್ಗೆ ಇನ್ನೂ ಇಪ್ಪತ್ತು ಉಂಟು" ಎನ್ನುತ್ತಿದ್ದರು, ಮೋಡವನ್ನು ಅವರೇ ಸಾಕಿದ ಹಾಗೆ. ಹೊಟ್ಟೆ ಉರಿಯುತ್ತಿತ್ತು. ಉರಿಯಲಿಲ್ಲ ಎಂದರೆ ಸುಳ್ಳು.

ಆ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಮಂಡಿ ಹಿಡಿದುಕೊಂಡು ಏಳಲಾಗಲಿಲ್ಲ. ಪಲ್ಲವಿಯನ್ನೇ ಅಳೆಯಲು ಕಳಿಸಿದೆ. ಲೋಟವನ್ನು ಕಟ್ಟೆಯ ಮೇಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಕೋಳಿ ಕಾವು ಕೂತ ಹಾಗೆ ಕೂತಳು. "ಅರವತ್ತೆರಡು" ಎಂದಳು. ಅಷ್ಟರಲ್ಲಿ ಬೋಪಯ್ಯನವರ ಫೋನು. "ನಮ್ಗೆ ಎಪ್ಪತ್ತು" ಎಂದೆ. ಹಿಂದಿನಿಂದ ಹುಡುಗಿ ಗಟ್ಟಿಯಾಗಿ, "ಅರವತ್ತೆರಡು ಕಣಜ್ಜಿ" ಎಂದಳು. ಆ ಕಡೆ ನಗು. "ಚಿಕ್ಕವಳು ಸತ್ಯ ಹೇಳ್ತಾಳಲ್ಲ ಅಕ್ಕ. ನಮ್ಗೆ ತೊಂಬತ್ತು."

ನಾನು ಬೈಯಬೇಕೆಂದು ಬಾಯಿ ತೆರೆದರೆ ಅವಳ ತಲೆ ಬೇರೆ ಕಡೆ ಓಡಿತ್ತು. "ತೊರೆ ಇಷ್ಟೇ ಅಗಲ. ದಿನಾ ಅವರಿಗೇ ಹೆಂಗೆ ಜಾಸ್ತಿ ಬರ್ತದೆ?" ಹನ್ನೊಂದು ವರ್ಷ ಹೊಟ್ಟೆ ಉರಿಸಿಕೊಂಡೆನೇ ಹೊರತು ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಒಂದೇ ಅಳತೆಯ ಎರಡು ಡಬ್ಬ ತೊಳೆದುಕೊಂಡು ಆಚೆ ತೋಟಕ್ಕೆ ಹೋದಳು. ಬೋಪಯ್ಯನವರನ್ನು ಕೇಳಿ ಒಂದನ್ನು ಅವರ ರೈನ್‌ಗೇಜಿನ ಪಕ್ಕ, ಇನ್ನೊಂದನ್ನು ಕಾಫಿ ಒಣಗಿಸುವ ಕಣದ ನಡುವೆ ಇಟ್ಟು ಬಂದಳು. ಅವರಿಗೋ ತಮಾಷೆ. ನಾಲ್ಕನೇ ದಿನ ಸಂಜೆ ಗಾಳಿಯೊಂದಿಗೆ ಮಳೆ ಹೊಡೆಯಿತು. ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಅಲ್ಲಿದ್ದೆವು. ಮಂಡಿ ನೋವು ನನಗೆ ಮರೆತೇ ಹೋಗಿತ್ತು. ಪಲ್ಲವಿ ಸ್ಕೇಲ್ ಇಟ್ಟು ನೋಡಿದರೆ ಕಣದ ಡಬ್ಬದಲ್ಲಿ ನಮ್ಮ ಮನೆಯ ಮಳೆಯಷ್ಟೇ ನೀರು. ರೈನ್‌ಗೇಜಿನ ಪಕ್ಕದ್ದರಲ್ಲಿ ಅದರ ಒಂದೂವರೆಯಷ್ಟು. ಪಲ್ಲವಿ ಮೇಲೆ ಕೈ ತೋರಿಸಿದಳು. ಬೋಪಯ್ಯನವರು ಹನ್ನೊಂದು ವರ್ಷದ ಹಿಂದೆ ಕಟ್ಟಿಸಿದ ಜೀಪ್ ಶೆಡ್ಡಿನ ತಗಡಿನ ಅಂಚು. ಗಾಳಿ ಬೀಸಿದರೆ ಶೆಡ್ಡಿನ ನೀರೂ ಆಲಿಕೆಗೇ ಹಾರುತ್ತಿತ್ತು.

ಬೋಪಯ್ಯನವರು ಟೋಪಿ ತೆಗೆದು ತಲೆ ಸವರಿಕೊಂಡರು. "ಅಲ್ಲ ಮಗ, ಈ ಲೆಕ್ಕ ನಂಬಿ ನಾನು ಸ್ಪ್ರಿಂಕ್ಲರ್ ನಿಲ್ಸಿದ್ದೆ ಅಲ್ವಾ? ಹೂ ಅರ್ಧ ಬಿಟ್ಟು ಕರಗ್ತಾ ಉಂಟು, ಗೊಬ್ಬರ ಸರಿ ಇಲ್ಲ ಅಂತ ತೋಟ ನೋಡ್ಕೊಳ್ಳುವ ರೈಟರಿಗೆ ಬೈತಾ ಇದ್ದೆ." "ನಿಮ್ಮದು ಶೆಡ್ಡಿನ ಮಳೆ ಬೋಪಯ್ಯನವರೇ" ಎಂದಷ್ಟೇ ಹೇಳಿದೆ. ಎರಡು ಸಲ ಹೇಳಿದೆ.

ಆ ಸಂಜೆಯೇ ಜೀಪು ನಮ್ಮ ಅಂಗಳಕ್ಕೆ ಬಂತು. ಅವರು ಸವಿತಾಳಿಗೆ, "ನೋಡಮ್ಮ, ರೈನ್‌ಗೇಜ್ ಬಯಲಿಗೆ ಹಾಕಿಸಿದ್ದೇನೆ. ಇನ್ನು ನಮ್ಮ ತೋಟದ ಮಳೆಯೂ ಇವಳೇ ಬರೀಬೇಕು. ರಜೆಯಲ್ಲಿ ಎಲ್ಲಿಗೂ ಕಳಿಸ್ಬೇಡಿ" ಎಂದು ಹೊಸ ಪುಸ್ತಕ ಕೊಟ್ಟರು. ಸವಿತಾ, "ಇದಕ್ಕೆ ಕಪ್ಪು ಕೊಡ್ತಾರಾ?" ಎಂದಳು. "ಹೂ ನಿಂತ್ರೆ ಸಾಕಲ್ವಾ" ಎಂದರು. ಅವಳು ಮಗಳ ಮುಖ ನೋಡಿದಳು. ಪಲ್ಲವಿ ಆಗಲೇ ಹೊಸ ಪುಸ್ತಕಕ್ಕೆ ಗೆರೆ ಹಾಕುತ್ತಿದ್ದಳು. ಸವಿತಾ ತಂಗಿಗೆ ಫೋನು ಮಾಡಿ ಮೈಸೂರು ಬೇಡ ಎಂದಳು.

ನಾನು ಗೆದ್ದ ಖುಷಿಯಲ್ಲಿ ಇನ್ನೊಂದು ಸಲ ಕಾಫಿ ಕಾಯಿಸಿದೆ. ಕುಡಿಯುವಾಗ ಪಲ್ಲವಿ ನನ್ನ ಹನ್ನೊಂದು ವರ್ಷದ ಮಳೆ ಪುಸ್ತಕಗಳನ್ನೂ ಯಜಮಾನರ ಹಳೆಯ ಪುಸ್ತಕಗಳನ್ನೂ ಹರಡಿಕೊಂಡು ಕೂತಿದ್ದಳು. "ಅಜ್ಜಿ, ತಾತ ಬರೆದಿದ್ರಲ್ಲಿ ಕೊನೆ ಅಂಕಿ ಏಳು, ಮೂರು, ಒಂಬತ್ತು ಎಲ್ಲ ಐತೆ. ನಿನ್ನದ್ರಲ್ಲಿ ಎಲ್ಲಾ ಮಳೆನೂ ಐದಕ್ಕೋ ಸೊನ್ನೆಗೋ ಬಂದು ನಿಂತೈತೆ. ಯಾಕೆ?" ಕಣ್ಣು ಮಂಜು ಎಂದೆ. ಅವಳು ನನ್ನನ್ನು ಗೆರೆ ಹಾಕಿದ ಲೋಟ ನೋಡುವ ಹಾಗೆ ನೋಡಿದಳು. ಮಳೆಯನ್ನು ಅಳೆದು ಮುಗಿಸಿ ಈಗ ಅಜ್ಜಿಯ ಸರದಿ.

ಮಾರನೇ ಬೆಳಿಗ್ಗೆ ಎಂಟಕ್ಕೆ ಅವಳು ಹೇಳುವ ಮೊದಲೇ ನಾನು ರೈನ್‌ಗೇಜಿನ ಹತ್ತಿರ ಹೋದೆ. ರಾತ್ರಿ ಮಳೆಯಿರಲಿಲ್ಲ, ಆಲಿಕೆಯ ಅಂಚಿನಲ್ಲಿ ಒಂದಿಷ್ಟು ಇಬ್ಬನಿ. ನಾನೇ ಬೋಪಯ್ಯನವರಿಗೆ ಫೋನು ಹಚ್ಚಿದೆ. ಐದು ಎಂಬುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು "ಸೊನ್ನೆ" ಎಂದೆ. "ನಮ್ಗೂ ಸೊನ್ನೆ ಅಕ್ಕ" ಎಂದರು. ಒಳಗೆ ಬಂದು ಪುಸ್ತಕದಲ್ಲಿ ಅದನ್ನು ದೊಡ್ಡದಾಗಿ, ದುಂಡಗೆ ಬರೆದೆ.