ಕಣ್ಣು ತೆರೆದು ಕೇಳುವ ಹಾಡು

ಕತ್ತಲ ಚಿತ್ರಮಂದಿರದಲ್ಲಿ ಕಿಟಾರನೆ ಕಿರುಚಿ, ಪಕ್ಕದವರ ತೋಳು ಹಿಡಿದು, ದೀಪ ಹತ್ತಿದ ಮೇಲೆ ನಗುತ್ತ ಮನೆಗೆ ಹೋಗುವ ನೀವು, ನಿಮ್ಮನ್ನು ಕಿರುಚಿಸಿದವನ ಮನೆಯಲ್ಲಿ ಯಾರಾದರೂ ನಗುತ್ತಾರೆಯೇ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಕೇಳಿದ್ದರೆ ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಹಾಗೆ ಕಿರುಚಿಸುವ ಸಂಗೀತ ನಿರ್ದೇಶಕರೊಬ್ಬರು ತಮ್ಮ ಬೀದಿಗೆಲ್ಲ 'ದೆವ್ವದ ಮೇಷ್ಟ್ರು'. ಪ್ರಾಯದಲ್ಲಿ ಯಾವುದೋ ಚಿತ್ರಕ್ಕೆಂದು ಪಿಟೀಲಿನ ಕಮಾನನ್ನು ತಗಡಿನ ತಟ್ಟೆಯ ಅಂಚಿಗೆ ಉಜ್ಜಿ ಒಂದು ಸದ್ದು ತೆಗೆದಿದ್ದರು. ಊರೇ ಬೆಚ್ಚಿಬಿತ್ತು. ಅಂದಿನಿಂದ ಬಾವಿಯಿಂದ ಏಳುವ ಹೆಣಕ್ಕೆ, ತಾನೇ ತೆರೆದುಕೊಳ್ಳುವ ಬಾಗಿಲಿಗೆ ಅವರನ್ನು ಕರೆದರೇ ಹೊರತು, ಮಗುವಿನ ನಗುವಿಗೆ ಒಬ್ಬರೂ ಕರೆಯಲಿಲ್ಲ. ಒಮ್ಮೆ ಅಂಟಿದ ಹೆಸರು ಬಟ್ಟೆಗೆ ಬಿದ್ದ ಬಾಳೆಕಾಯಿಯ ಕಲೆ, ತೊಳೆದಷ್ಟೂ ಕಪ್ಪಾಗುತ್ತದೆ.

ಈ ಕತೆಯ ಫಜೀತಿ ಶುರುವಾದದ್ದು ಒಂದು ಬೆಳಗ್ಗೆ, ಹಾಸಿಗೆ ಹಿಡಿದಿದ್ದ ತಾಯಿಯ ಒಂದು ಮಾತಿನಿಂದ.

"ನಿನ್ನ ಸಿನಿಮಾ ಒಂದನ್ನೂ ನಾನು ಪೂರ್ತಿ ನೋಡಿಲ್ಲ ಕಣೋ. ನಿನ್ನ ಸಂಗೀತ ಶುರುವಾಯ್ತು ಅಂದ್ರೆ ಕಣ್ಣು ಮುಚ್ಕೊಂಡುಬಿಡ್ತೀನಿ. ನಾನು ಸಾಯೋದ್ರೊಳಗೆ, ಕಣ್ಣು ತೆಕ್ಕೊಂಡು ಕೇಳೋಂಥ ಹಾಡು ಒಂದು ಮಾಡೋ."

"ಮಾಡಿದೀನಮ್ಮ" ಎನ್ನಲು ಬಾಯಿ ತೆರೆದ ಮೇಷ್ಟ್ರು ತಡೆದುಕೊಂಡರು. ಜೋಗುಳದ ರಾಗವೊಂದು ಅವರಲ್ಲಿ ಸಿದ್ಧವಾಗಿತ್ತು. ತಾಯಿ-ಮಗುವಿನ ಕತೆಯ ಸಿನಿಮಾ ತೆಗೆಯುತ್ತಿದ್ದ ನಿರ್ದೇಶಕರೊಬ್ಬರು ಅಂದೇ ಅದನ್ನು ಕೇಳಲು ಒಪ್ಪಿದ್ದರು. ಅಲ್ಲಿ ಗೆದ್ದ ಮೇಲೆಯೇ ತಾಯಿಗೆ ಕೇಳಿಸಬೇಕೆಂಬುದು ಅವರ ಹಟ.

ಮೆಟ್ಟಿಲಿಳಿಯುತ್ತ ಅದನ್ನೇ ಗುನುಗಿದರು. ಕೆಳಮನೆಯ ನಿವೃತ್ತ ಗುಮಾಸ್ತರು ದಡಕ್ಕನೆ ಕಿಟಕಿ ಮುಚ್ಚಿ, ಸಂದಿಯಿಂದ ಮೂಗು ಮಾತ್ರ ಹೊರಹಾಕಿದರು.

"ಮೇಷ್ಟ್ರೇ, ಬೆಳಬೆಳಗ್ಗೆ ಬೇಡ. ಮನೇಲಿ ಮಕ್ಕಳಿದಾರೆ."

"ಇದು ಜೋಗುಳ ಸ್ವಾಮಿ."

"ಇರಬಹುದು. ಯಾರನ್ನ ಮಲಗಿಸೋಕೆ ಅಂತ ನಾನು ಕೇಳಲ್ಲ. ಮತ್ತೆ, ಆ ಬಿಳಿ ಅಂಗಿ ಬದಲಾಯಿಸಿ. ತಿರುವಿನಲ್ಲಿ ಎದುರಾದ್ರೆ ಎದೆ ಧಸಕ್ ಅನ್ನುತ್ತೆ."

ಮೇಷ್ಟ್ರು ಹಿಂತಿರುಗಿ, ಪೆಟ್ಟಿಗೆಯ ತಳದಲ್ಲಿದ್ದ ಹೂವಿನ ಚಿತ್ತಾರದ ಅಂಗಿ ತೊಟ್ಟರು. ಆ ಬಾಡಿದ ಮುಖಕ್ಕೆ ಆ ಅಂಗಿ, ಗೋರಿಯ ಮೇಲೆ ಹೂವಿಟ್ಟಂತೆ ಕಂಡಿತು.

ನಿರ್ದೇಶಕರ ಕೋಣೆಯಲ್ಲಿ ಹಾರ್ಮೋನಿಯಂ ತೆರೆದು ನುಡಿಸಿದರು. ರಾಗ ಹಾಲಿನಂತೆ ಹರಿಯಿತು. ನಿರ್ದೇಶಕರು ಮೊದಲು ಬಾಗಿಲ ಕಡೆ ನೋಡಿದರು, ಆಮೇಲೆ ಬೀರುವಿನ ಕಡೆ. ರಾಗ ಇನ್ನಷ್ಟು ಮೃದುವಾದಾಗ ಎರಡು ಕಾಲನ್ನೂ ಕುರ್ಚಿಯ ಮೇಲೆ ಎಳೆದುಕೊಂಡರು. ಮಟಮಟ ಮಧ್ಯಾಹ್ನದಲ್ಲಿ ಅವರ ಸಹಾಯಕ ಎದ್ದು ದೀಪ ಹಾಕಿದ.

"ಯಾವಾಗ ಬರುತ್ತೆ?" ಎಂದರು ನಿರ್ದೇಶಕರು ಪಿಸುದನಿಯಲ್ಲಿ.

"ಏನು?"

"ಅದೇ."

"ಏನೂ ಬರಲ್ಲ. ಮುಗೀತು."

"ನೋಡಿದ್ರಾ, ಬರದೇ ಇದ್ರೆ ಇನ್ನೂ ಭಯ. ಇಷ್ಟು ಮಧುರವಾಗಿದೆ ಅಂದ್ರೆ ಹಿಂದೆ ಏನೋ ನಿಂತಿದೆ ಅನ್ಸುತ್ತೆ. ಬೇಡ ಮೇಷ್ಟ್ರೇ."

ಹೊರಗಿನ ಬೆಂಚಿನಲ್ಲಿ ಅವರ ಹಳೆಯ ಸಂಗಾತಿ, ನೆರೆತ ತಲೆಯ ಕೊಳಲಿನವರು ಕಾಯುತ್ತಿದ್ದರು. ಮೇಷ್ಟ್ರ ಮುಖ ನೋಡಿದವರೇ ಎದ್ದರು.

"ಅದೇ ರಾಗಾನ ನಾನು ನುಡಿಸ್ತೀನಿ, ನನ್ನದು ಅಂತೀನಿ. ಒಪ್ಪಿದ ಮೇಲೆ ನಿಜ ಹೇಳಿದರಾಯ್ತು."

"ಈಗ ತಾನೇ ಕೇಳಿದಾರಲ್ಲೋ."

"ಅವರು ಕೇಳಿದ್ದು ನಿನ್ನ ಹೆಸರನ್ನ. ರಾಗ ಇನ್ನೂ ಹೊಸದಾಗೇ ಇದೆ."

ಕೊಳಲಿನವರು ಒಳಗೆ ಹೋದರು. ಅದೇ ರಾಗ, ಅದೇ ಕೋಣೆ. ಮೇಷ್ಟ್ರು ಬಾಗಿಲಿಗೆ ಕಿವಿಯಿಟ್ಟು ನಿಂತರು. ಒಳಗಿನಿಂದ ಬಿಕ್ಕುವ ಸದ್ದು ಕೇಳಿತು.

"ಎಲ್ಲೋ ಕೇಳಿದ ಹಾಗಿದೆ ಸಾರ್," ಎನ್ನುತ್ತಿದ್ದರು ನಿರ್ದೇಶಕರು, ಮೂಗೊರೆಸಿಕೊಳ್ಳುತ್ತ. "ನಮ್ಮಮ್ಮನೇ ಹಾಡಿರಬೇಕು."

ಸಂಜೆ ನಿರ್ದೇಶಕರು ಕೊಳಲಿನವರನ್ನು ಕಾರಿನಲ್ಲಿ ಕೂರಿಸಿಕೊಂಡು ಮೇಷ್ಟ್ರ ಮನೆಗೇ ಬಂದರು.

"ಬೇಜಾರು ಮಾಡ್ಕೋಬೇಡಿ. ನಮ್ಮ ಚಿತ್ರದಲ್ಲಿ ಮಗು ಪಾಳುಮನೇಲಿ ಕಳೆದುಹೋಗೋ ದೃಶ್ಯ ಇದೆ. ಅದಕ್ಕೆ ನೀವೇ ಆಗಬೇಕು. ಜೋಗುಳ ಇವರದ್ದು. ಅದರ ಮೇಲೆ ಮಾತ್ರ ನಿಮ್ಮ ನೆರಳೂ ಬೀಳಬಾರದು. ಬಿದ್ರೆ ಯಾವ ತಾಯಿನೂ ಮಗು ಕರ್ಕೊಂಡು ಬರಲ್ಲ, ಹಾಡನ್ನೇ ಕಿತ್ತುಹಾಕಬೇಕಾಗುತ್ತೆ."

ನಿಜ ಹೇಳಲು ಬಂದಿದ್ದ ಕೊಳಲಿನವರ ಬಾಯಿ ಅರ್ಧ ತೆರೆದದ್ದು ಅಲ್ಲೇ ನಿಂತಿತು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ತನ್ನ ಹೆಸರಿಲ್ಲದಿದ್ದರೇನು, ಹಾಡಾದರೂ ಬದುಕಲಿ.

"ಯಾರೋ ಬಂದಿರೋದು?" ಎಂದು ಒಳಗಿನಿಂದ ತಾಯಿ ಕೂಗಿದರು.

ಈ ತಾಯಿಯೂ ಒಮ್ಮೆ ಕೇಳಲಿ ಎಂಬ ನಿರ್ದೇಶಕರ ಒತ್ತಾಯಕ್ಕೆ ಕೊಳಲಿನವರು ಹಾಸಿಗೆಯ ಪಕ್ಕ ಕುಳಿತು ನುಡಿಸಿದರು. ಮುದುಕಿ ಕಣ್ಣು ಮುಚ್ಚಲಿಲ್ಲ. ತೆರೆದ ಕಣ್ಣಿನಿಂದಲೇ ನೀರಿಳಿಯಿತು. ಕೊನೆಗೆ ಕೊಳಲಿನವರ ಕೈ ಹಿಡಿದುಕೊಂಡರು.

"ನಮ್ಮ ಹುಡುಗನಿಗೂ ಸ್ವಲ್ಪ ಹೇಳಿಕೊಡಪ್ಪ. ಅವನು ಕೆಟ್ಟವನಲ್ಲ, ಸಹವಾಸ ಸರಿಯಿಲ್ಲ ಅಷ್ಟೇ."

ಕೊಳಲಿನವರು ತಲೆಯೆತ್ತಲಾಗದೆ ಹೊರಟುಹೋದರು.

ಕಾರು ತಿರುವು ದಾಟಿದ ಮೇಲೆ ಮೇಷ್ಟ್ರು ತಾಯಿಯ ಬಳಿ ಕುಳಿತರು. "ಅಮ್ಮಾ, ಅದು ನಾನು ಮಾಡಿದ್ದು."

ತಾಯಿ ಮಗನ ತಲೆ ಸವರಿದರು. "ಇನ್ನೊಬ್ಬರದನ್ನ ನನ್ನದು ಅನ್ನಬಾರದು ಕಣೋ. ಅಷ್ಟು ಆಸೆ ಇದ್ರೆ ಕಲಿ."

"ಆಣೆಗೂ ನನ್ನದೇ. ಬೇಕಾದ್ರೆ ಕೇಳು." ಮೇಷ್ಟ್ರು ಮೆಲ್ಲನೆ ಗುನುಗತೊಡಗಿದರು, ಬದುಕಿನಲ್ಲಿ ಎಂದೂ ಗುನುಗದಷ್ಟು ಮೃದುವಾಗಿ.

ಮೊದಲ ಸಾಲು ಮುಗಿಯುವ ಮುನ್ನ ಮುದುಕಿ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡರು. ಒಳಗಿನಿಂದ ಸಣ್ಣ ದನಿ ಬಂತು:

"ಸಾಕು ಕಣೋ. ದೀಪ ಆರಿಸಬೇಡ."

ಮೇಷ್ಟ್ರು ದೀಪ ಆರಿಸಲಿಲ್ಲ. ಅದರ ಕೆಳಗೇ ಕುಳಿತು, ಪಾಳುಮನೆಯ ದೃಶ್ಯಕ್ಕಾಗಿ ತಗಡಿನ ತಟ್ಟೆಯನ್ನು ಒರೆಸತೊಡಗಿದರು.

ಓದುಗರೇ, ಕಿವಿಯಿದ್ದೂ ಹೆಸರನ್ನು ಮಾತ್ರ ಕೇಳುವುದು ಅನ್ಯಾಯ. ಆ ಚಿತ್ರ ಬಂದಾಗ ಜೋಗುಳವನ್ನು ಕೊನೆಯವರೆಗೂ ಕೇಳಿ. ಆಮೇಲೆ ದಯವಿಟ್ಟು ಒಂದು ಉಪಕಾರ ಮಾಡಿ: ಆ ತಾಯಿ ಇನ್ನೂ ಇದ್ದರೆ, ಹೋಗಿ ಅದು ಯಾರದೆಂದು ಹೇಳಿ ಬನ್ನಿ. ಮಗನ ಮಾತನ್ನು ಅವರು ನಂಬುವುದಿಲ್ಲ.