ರಸಮಟ್ಟ ಹಿಡಿದ ಮೇಷ್ಟ್ರು

ರಾಮಾಂಜಿನಪ್ಪ ಮೇಷ್ಟ್ರಿಗೆ ಈ ಜಗತ್ತಿನಲ್ಲಿ ಆಗದ ಸಂಗತಿ ಒಂದೇ, ಓರೆಕೋರೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ, ಸಾವಿರಾರು ಮಕ್ಕಳನ್ನು ನೆಟ್ಟಗೆ ಸಾಲಿನಲ್ಲಿ ನಿಲ್ಲಿಸಿ ನಿವೃತ್ತರಾದ ಮೇಲೆ ಅವರ ಶಿಸ್ತಿನ ಕೈಗೆ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರು, ಬಾಗಿಲ ಬಳಿಯ ಚಪ್ಪಲಿಗಳು ಮತ್ತು ಹೆಂಡತಿ ಶೈಲಜಮ್ಮ. (ಮೊದಲೆರಡು ಮಾತು ಕೇಳುತ್ತಿದ್ದವು.)

ಹೀಗಿರುವಾಗ ಶಂಕರಪುರಂನ ಅವರ ಹೆಂಚಿನ ಮನೆಯಲ್ಲಿ, ಮಳೆನೀರು ಹಿಡಿಯಲೆಂದು ಸೂರಿನಂಚಿಗೆ ಕಟ್ಟಿದ್ದ ತಗಡಿನ ದೋಣಿ ತುಕ್ಕು ಹಿಡಿದು ಜರಡಿಯಾಯಿತು. ಮಳೆ ಬಂದರೆ ನೀರೆಲ್ಲ ಮುಂದಿನ ಕೋಣೆಯ ಗೋಡೆಗೇ. ಆ ಕೋಣೆಯಲ್ಲಿ ಮಲಗುವವರು ಮೇಷ್ಟ್ರ ಅತ್ತೆ, ಎಂಬತ್ತೊಂದು ವರ್ಷದ ಅಕ್ಕಯಮ್ಮ. ಮಳೆಗಾಲ ಬಂತೆಂದರೆ ಅವರು ಮಂಚ ಸಮೇತ ಹಾಲಿಗೆ ವಲಸೆ ಬರಬೇಕು. ಅದನ್ನು ನೋಡಿದರೆ ಮೇಷ್ಟ್ರ ಕರುಳು ಚುರ್ರೆನ್ನುತ್ತಿತ್ತು. ಕೃಷ್ಣರಾಜ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಸೊಪ್ಪು ಮಾರಿದ ಆ ತಾಯಿ, ಕೆಲಸವಿಲ್ಲದ ಅಳಿಯನಿಗೆ ಎರಡು ವರ್ಷ ಅನ್ನ ಹಾಕಿ ಟ್ರೈನಿಂಗ್ ಮಾಡಿಸಿದ್ದರು. ಒಂದು ದಿನವೂ ಅದನ್ನು ಎತ್ತಿ ಆಡಿದವರಲ್ಲ.

"ಅತ್ತೆ, ಈ ಸಲ ನಿಮ್ ಮಂಚ ಒಂದಿಂಚೂ ಕದಲಲ್ಲ. ಇದು ನನ್ ಮಾತು," ಎಂದು ಮೇಷ್ಟ್ರು ಘೋಷಿಸಿದರು.

ಹೊಸ ದೋಣಿಯ ಆಯ್ಕೆಗೆ ಹದಿನೈದು ದಿನ ಹಿಡಿಯಿತು. ಕಬ್ಬಿಣದ ತಗಡು ಮತ್ತೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕು ಬಿಸಿಲಿಗೆ ಬಾಗುತ್ತದೆ (ಅಂದರೆ ಓರೆ!). ಕೊನೆಗೆ ಅಲ್ಯೂಮಿನಿಯಂಗೆ ವಿಜಯಮಾಲೆ ಬಿತ್ತು. ಅದರ ಜೊತೆ ಒಂದು ರಸಮಟ್ಟವೂ ಬಂತು. ಗಾರೆಯವರು ಇಟ್ಟು ನೋಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ, ಅದೇ.

ದೋಣಿ ಕೂರಿಸಲು ಬಂದ ರುದ್ರೇಶ್ ಅದನ್ನು ನೋಡಿ ತಲೆ ಕೆರೆದುಕೊಂಡ.

"ಸಾರ್, ದೋಣಿಗೆ ವಾಟ ಕೊಡ್ಬೇಕು. ಒಂದ್ ಕಡೆ ಸ್ವಲ್ಪ ಇಳಿಸಿದ್ರೇನೇ ನೀರು ಹರಿಯೋದು."

"ಇಳಿಸೋದಾ? ನನ್ ಮನೆ ಮುಂದೆ ಸೊಟ್ಟ ದೋಣಿನಾ? ಗುಳ್ಳೆ ಸರಿಯಾಗಿ ಮಧ್ಯಕ್ಕೆ ಬರ್ಬೇಕು!"

"ನೀರು ನಿಂತ್ಬಿಡುತ್ತೆ ಸಾರ್."

"ಯಾಕ್ ನಿಲ್ಲುತ್ತೆ? ಕೊನೇಲಿ ಪೈಪ್ ಇಟ್ಟಿಲ್ವಾ? ದಾರಿ ತೋರಿಸಿದ್ಮೇಲೆ ಹೋಗ್ಬೇಕಪ್ಪ!"

"ರೀ, ಅದು ನೀರು, ಎಂಟನೇ ಕ್ಲಾಸ್ ಬಿ ಸೆಕ್ಷನ್ ಅಲ್ಲ," ಎಂದರು ಒಳಗಿನಿಂದ ಶೈಲಜಮ್ಮ.

ಮೇಷ್ಟ್ರು ಜಗ್ಗಲಿಲ್ಲ. ರುದ್ರೇಶ್ ಚೀಲ ಕಟ್ಟಲು ಹೊರಟ. ಅಷ್ಟರಲ್ಲಿ ಅಕ್ಕಯಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ಅಳಿಯಂದ್ರು ಹೇಳ್ದಂಗೇ ಆಗ್ಲಿ ಬಿಡಪ್ಪ. ಎಲ್ಲಿ, ಆ ಹೊಸ ಸಾಮಾನು ಕೊಡಿ. ಅರಿಶಿನ ಕುಂಕುಮ ಇಟ್ಟು ಕೊಡ್ತೀನಿ."

ಮೇಷ್ಟ್ರ ಎದೆ ಎರಡಿಂಚು ಉಬ್ಬಿತು. ರಸಮಟ್ಟ ಅಡುಗೆಮನೆಗೆ ಹೋಗಿ, ಕುಂಕುಮ ಹಚ್ಚಿಸಿಕೊಂಡು ನೆಟ್ಟಗೆ ರುದ್ರೇಶನ ಕೈ ಸೇರಿತು. ಅವನು ಅದನ್ನು ಒಮ್ಮೆ ತಿರುಗಿಸಿ ನೋಡಿ, ಅಜ್ಜಿಗೆ ಕೈಮುಗಿದು ಏಣಿ ಹತ್ತಿದ. ಮೇಷ್ಟ್ರು ಸ್ಟೂಲಿನ ಮೇಲೆ ನಿಂತು ಸೀಟಿ ಊದಿದಾಗಲೆಲ್ಲ ಗುಳ್ಳೆ ಮಧ್ಯದಲ್ಲೇ ಅಟೆನ್ಷನ್ನಿನಲ್ಲಿ ನಿಂತಿತ್ತು. ಕೆಳಗಿಳಿದು ನೋಡಿದರೆ ದೋಣಿ ಯಾಕೋ ಕೊಂಚ ವಾಲಿದಂತೆ ಕಂಡಿತು. ಯಂತ್ರ ಸುಳ್ಳು ಹೇಳೀತೇ? ಮೇಷ್ಟ್ರು ಕನ್ನಡಕದ ನಂಬರು ಬದಲಾಗಿದೆ ಎಂದು ತೀರ್ಮಾನಿಸಿದರು.

ನಾಲ್ಕನೆಯ ದಿನ ಸಂಜೆ ಮಳೆ ಹುಯ್ಯಿತು. ನೀರು ಗಳಗಳನೆ ಹರಿದು ಪೈಪಿಗಿಳಿಯಿತು. ಗೋಡೆಗೆ ಒಂದು ಹನಿ ಸೋಕಲಿಲ್ಲ. ಅಕ್ಕಯಮ್ಮ ತಮ್ಮ ಮಂಚದ ಮೇಲೆ ಕಾಲು ಚಾಚಿಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರು ಪಕ್ಕದ ಮನೆಯ ಸಂಕರ್ಷಣನನ್ನು ಕೂಗಿ ಕರೆದು, ಛತ್ರಿಯಡಿ ನಿಲ್ಲಿಸಿ ಉಪನ್ಯಾಸ ಕೊಟ್ಟರು.

"ವಾಟ ಗೀಟ ಎಲ್ಲ ಬುರುಡೆ ಕಣ್ರೀ. ಒಂದು ಕೂದಲೆಳೆಯಷ್ಟೂ ಓರೆ ಇಲ್ಲ!"

ಸಂಕರ್ಷಣ ಬೆರಗಾದ. "ನಮ್ಮನೆ ದೋಣಿನೂ ನಾಳೆ ಬದಲಾಯಿಸ್ತಿದೀವಿ ಸಾರ್. ನಿಮ್ ರಸಮಟ್ಟ ಒಂದಿನ ಕೊಡ್ತೀರಾ?"

ಮೇಷ್ಟ್ರು ಹೆಮ್ಮೆಯಿಂದ ಒಳಗೆ ಹೋಗಿ ಅದನ್ನು ಎತ್ತಿಕೊಂಡರೆ ಕೈಗೆ ಅಂಟಂಟು. ತಿರುಗಿಸಿದರು. ಒಂದು ತುದಿಯ ಅಡಿಯಲ್ಲಿ ಅದುಮಿ ಅಂಟಿಸಿದ ಹುಣಸೆಹಣ್ಣು! ತಗ್ಗಿನ ಕಡೆಯ ತುದಿಯನ್ನು ಅದೇ ಎತ್ತಿ ಹಿಡಿದು ಗುಳ್ಳೆಯನ್ನು ಮಧ್ಯಕ್ಕೆ ತಂದಿತ್ತು.

"ಅತ್ತೆ... ಏನಿದು?"

"ಮಾರ್ಕೆಟ್ನಲ್ಲಿ ಕಳ್ಳರು ತಕ್ಕಡಿ ತಟ್ಟೆ ಅಡಿಗೆ ಹಿಂಗೇ ಮೆತ್ತೋರು ಅಳಿಯಂದ್ರೇ. ಸೊಪ್ಪು ಮಾರೋವಾಗ ನಾನು ಒಂದಿನಾನೂ ಮೆತ್ತಿಲ್ಲ, ನಿಮ್ಮಾಣೆ. ಇದೇ ಮೊದಲ್ನೇ ಸಲ." ಅಕ್ಕಯಮ್ಮ ಒಣಗಿದ ಗೋಡೆಯನ್ನು ಸವರಿದರು. "ನೀವು ಕೊಟ್ಟ ಮಾತು ಸುಳ್ಳಾಗ್ಬಾರ್ದಲ್ಲ."

ಮೇಷ್ಟ್ರಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು, ಅದರ ಹಿಂದೆಯೇ ಕಣ್ಣು ತುಂಬಿತು. ಅಂದು ಅನ್ನ ಹಾಕಿದ ಕೈ ಇಂದು ಮಾನವನ್ನೂ ಉಳಿಸಿತ್ತು. ಎಷ್ಟು ಜನ್ಮಕ್ಕೆ ಈ ಋಣ ತೀರೀತು ಎಂದುಕೊಳ್ಳುತ್ತ ಹುಣಸೆಹಣ್ಣಿಗೆ ಉಗುರು ಹಾಕಿದರು.

"ಅಯ್ಯೋ, ಕೀಳ್ಬೇಡಿ!" ಎಂದರು ಅಕ್ಕಯಮ್ಮ. "ಹಂಗೇ ಕೊಡಿ. ನಿಮ್ ಮಾತು ನಂಬ್ಕೊಂಡು ಕೂತಿದಾರೆ ಪಾಪ, ಅವ್ರ ಮನೇಲೂ ನೀರು ಹರೀಬೇಕಲ್ಲ."