ಹಂದಿ ಗುದ್ದಿದ ಕಾರು, ಮಾವ ತೊಳೆದ ಕಾರು

ನನ್ನ ಸೋದರಮಾವನನ್ನು ಯಾವ ಶುಭಕಾರ್ಯಕ್ಕೂ ಕರೆಯಬಾರದು ಎಂದು ನಮ್ಮ ನೆಂಟರಿಷ್ಟರೆಲ್ಲ ಒಮ್ಮತದಿಂದ ತೀರ್ಮಾನಿಸಿ ಎಷ್ಟೋ ಕಾಲವಾಗಿದೆ. ಕರೆಯದಿದ್ದರೂ ಅವರು ಬರುತ್ತಾರೆ, ಅದು ಬೇರೆ ವಿಷಯ! ಬರುವಾಗ ಸೋಪನ್ನೂ ತರುತ್ತಾರೆ.

ಅವರೇನು ಕುಡಿಯುತ್ತಾರೆಯೇ? ಇಸ್ಪೀಟಾಡುತ್ತಾರೆಯೇ? ಛೇ, ಅಂಥದ್ದೇನಾದರೂ ಇದ್ದಿದ್ದರೆ ನೆಂಟರು ಹೇಗೋ ಹೊಂದಿಕೊಂಡುಬಿಡುತ್ತಿದ್ದರು. ಮಾವನಿಗಿರುವುದು ತೊಳೆಯುವ ಹುಚ್ಚು. ಮಡಿ-ಮೈಲಿಗೆಯ ಹುಚ್ಚಲ್ಲ. ದೇವರ ಕೋಣೆಗೆ ಯಾರು ಬೇಕಾದರೂ ಹೋಗಲಿ, ಅವರ ತಕರಾರಿಲ್ಲ. ಹೋದವರು ಉಗುರು ಕತ್ತರಿಸಿಕೊಂಡಿರಬೇಕು, ಅಷ್ಟೆ. ಕಳಸದ ಪೇಟೆಯಲ್ಲಿ ಅವರಿಗೊಂದು ಸ್ಟೇಷನರಿ ಅಂಗಡಿ ಇದೆ. ಅಲ್ಲಿ ಪೆನ್ನು ಕೊಂಡವರು ಅದರ ತುದಿ ಕಚ್ಚುವುದಿಲ್ಲ ಎಂದು ಮಾತು ಕೊಟ್ಟೇ ಮೆಟ್ಟಿಲಿಳಿಯಬೇಕು!

ನನ್ನ ಮದುವೆಯ ದಿನ ಬಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ ತಪಾಸಣೆ ಮಾಡಿದರು. ಅಡುಗೆ ಭಟ್ಟರು ಸೌಟು ಕೆಳಗಿಟ್ಟು, "ನಾನು ಹೊರಟೆ" ಎಂದರು. ನನ್ನ ಅಪ್ಪ ಅವರ ಕೈ ಹಿಡಿದು ಬೇಡಿಕೊಂಡರು. ಮಾವ ಸುಮ್ಮನಿದ್ದಾರೆಯೇ? "ಭಾವ, ಈಗ ಅವರ ಕೈ ಹಿಡಿದ್ರಲ್ಲ, ನೀವೂ ತೊಳ್ಕೊಳ್ಳಿ" ಎಂದರು!

ಇನ್ನು ನಾನು ಕಾರು ಕೊಂಡ ದಿನದ ಕಥೆ. ಎಲ್ಲರೂ ಮೈಲೇಜು, ಬಣ್ಣ, ಬ್ರೇಕು ವಿಚಾರಿಸುತ್ತಿದ್ದರೆ ಮಾವ ಸೀಟನ್ನು ಒತ್ತಿ ನೋಡಿ, ಟೈ ಕಟ್ಟಿಕೊಂಡಿದ್ದ ಶೋರೂಮಿನ ಹುಡುಗಿಯನ್ನು ಕೇಳಿದರು: "ಘಾಟಿ ರಸ್ತೆ ನಮ್ಮದು. ಒಳಗೆ ಯಾರಾದ್ರೂ ವಾಂತಿ ಮಾಡ್ಕೊಂಡ್ರೆ ಇದನ್ನ ಬಿಚ್ಚಿ ತೊಳೆಯೋದು ಹೇಗಮ್ಮ?" ಪಾಪ, ಆಕೆಯ ತರಬೇತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ಇಂಥ ಮಾವನನ್ನು ಕೂರಿಸಿಕೊಂಡು ನಾನು ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕಳಸದಿಂದ ಮೂಡಿಗೆರೆಗೆ ಹೊರಟಿದ್ದೆ. ಆಸ್ಪತ್ರೆಯಿಂದ ಹೆಂಡತಿಯನ್ನೂ ನಮ್ಮ ಹಸುಗೂಸನ್ನೂ ಮನೆಗೆ ಕರೆತರಬೇಕಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಅಷ್ಟು ದಿನವೂ ನಾನು ಹೊರಗಿನಿಂದ ಕಂಡಿದ್ದೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. "ಇನ್ನು ಮನೆಗೆ ಕರ್ಕೊಂಡು ಹೋಗಬಹುದು, ಆದರೆ ಸೋಂಕು ತಾಗದ ಹಾಗೆ ನೋಡ್ಕೊಳ್ಳಿ" ಎಂದು ಡಾಕ್ಟರು ಹೇಳಿದ್ದರು. ಆ ಮಾತು ಮಾವನ ಕಿವಿಗೆ ಬಿದ್ದದ್ದೇ ತಡ, ಒಂದು ದೊಡ್ಡ ಚೀಲ ಹಿಡಿದು ಕಾರು ಹತ್ತಿಬಿಟ್ಟಿದ್ದರು.

ಕೊಟ್ಟಿಗೆಹಾರ ಇನ್ನೂ ಸ್ವಲ್ಪ ದೂರವಿತ್ತು. ಮಂಜು ಪೂರ್ತಿ ಕರಗಿರಲಿಲ್ಲ. ಎಡಗಡೆಯ ಕಾಫಿ ತೋಟದಿಂದ ಕಾಡುಹಂದಿಯೊಂದು ಗುಂಡಿನಂತೆ ನುಗ್ಗಿ ಬಂತು. ಬ್ರೇಕು ತುಳಿದೆ. ಧಡ್ ಎಂದು ಸದ್ದಾಯಿತು. ಕಾರು ನಿಂತಿತು.

ಬಾಗಿಲು ತೆರೆಯಲು ಹೋದೆ. ಮಾವ ಹಿಂದಿನಿಂದ ನನ್ನ ಕಾಲರ್ ಹಿಡಿದೆಳೆದರು. "ಎಲ್ಲಿಗೋ? ಅದು ಸತ್ತಿದೆ ಅಂತ ನಿನಗೆ ಯಾರು ಹೇಳಿದ್ದು? ಗಾಯ ಆದ ಹಂದಿ ಎದ್ದು ಬಂದ್ರೆ ನಿನ್ನನ್ನ ಬಿಡುತ್ತಾ? ಮೊದಲು ಲೈಟ್ ಮಿಣುಕಿಸು."

ನಾಲ್ಕೂ ಲೈಟು ಮಿಣುಕಿಸಿ, ಗಾಜಿನೊಳಗಿಂದಲೇ ನೋಡುತ್ತ ಕೂತೆವು. ಹಂದಿ ಅಲುಗಾಡಲಿಲ್ಲ. "ಪಾಪ" ಎಂದರು ಮಾವ, ಬಹಳ ಮೆಲ್ಲಗೆ. ಆಮೇಲೆ ಅರಣ್ಯ ಇಲಾಖೆಗೆ ಫೋನು ಮಾಡಿದರು.

ಇಳಿದು ನೋಡಿದರೆ ಬಂಪರ್ ಸೀಳಿತ್ತು. ಜಾಲರಿಯ ತುಂಬ ರಕ್ತ, ಕೂದಲು. ನಾನು ಜೇಬಿನಿಂದ ಕರ್ಚೀಫು ತೆಗೆದೆ.

"ಮುಟ್ಟಬೇಡ!"

ಆ ಕೂಗಿಗೆ ತೋಟದ ಹಕ್ಕಿಗಳೆಲ್ಲ ಹಾರಿಹೋದವು! "ಬೆರಳಿಗೆ ಕತ್ತಿ ತಾಗಿಸ್ಕೊಂಡಿದ್ದೀಯಲ್ಲ, ಆ ಗಾಯ ಒಣಗಿದ್ಯಾ? ಕಾಡುಪ್ರಾಣಿ ರಕ್ತ ಅದು ಮಾರಾಯ. ಮೈತುಂಬ ರಕ್ತ ಹೀರೋ ಉಣುಗು ಬೇರೆ ಇರುತ್ತೆ. ದೂರ ಹೋಗು. ಇನ್ನೂ ದೂರ!"

ನನ್ನದೇ ಕಾರಿನಿಂದ ನನ್ನನ್ನು ಗಡೀಪಾರು ಮಾಡಿದರು. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಒಳಗಿದ್ದವರೊಬ್ಬರು ಹಂದಿಯನ್ನು ಪ್ರೀತಿಯಿಂದ ನೋಡಿ, "ಸಾರ್, ಇದನ್ನ ಹೀಗೇ ಬಿಟ್ಟು ಹೋಗ್ತೀರಾ? ಸುಮ್ನೆ ಹಾಳಾಗುತ್ತಲ್ಲ" ಎಂದರು.

ಮಾವ ನಡುವೆ ಬಂದು ನಿಂತರು. "ತಗೊಂಡು ಹೋದ್ರೆ ಕೇಸಾಗುತ್ತೆ. ಕೇಸಾಗದಿದ್ರೆ ಕಾಯಿಲೆ ಆಗುತ್ತೆ. ನಿಮಗೆ ಯಾವುದು ಬೇಕು?"

ಜೀಪು ಎರಡೂ ಬೇಡವೆಂದು ಹೊರಟುಹೋಯಿತು. ಅರಣ್ಯದವರು ಬಂದು, ನೋಡಿ, ಬರೆದುಕೊಂಡು, ನಮ್ಮನ್ನು ಕಳಿಸಿಕೊಟ್ಟರು.

ಎಂಜಿನ್ನಿಗೇನೂ ಆಗಿರಲಿಲ್ಲ. ನಿಧಾನಕ್ಕೆ ಕೊಟ್ಟಿಗೆಹಾರ ಮುಟ್ಟಿದೆವು. ಅಲ್ಲಿನ ಪಂಕ್ಚರ್ ಅಂಗಡಿಯವನು ನೀರಿನ ಪೈಪು ಹಿಡಿದು ಓಡಿಬಂದ. "ಪ್ರೆಶರಲ್ಲಿ ಹೊಡೆದುಬಿಡ್ತೀನಿ ಸಾರ್, ಒಂದೇ ನಿಮಿಷ!"

ಮಾವ ಎರಡೂ ಕೈ ಚಾಚಿ ಕಾರಿಗೆ ಅಡ್ಡ ನಿಂತರು. "ಹೊಡೆದ್ರೆ ಅದೆಲ್ಲ ಸಿಡಿದು ನಿನ್ನ ಮೂಗು-ಬಾಯಿಗೇ ಬರುತ್ತಪ್ಪ! ಒಂದು ಬಕೆಟ್ ಕೊಡು ಸಾಕು."

ಚೀಲ ಬಿಚ್ಚಿದರು. ರಬ್ಬರ್ ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ, ಮೈಗೆ ಮಳೆಯ ಕೋಟು. ಒಳ್ಳೆಯ ಬಿಸಿಲಿನಲ್ಲಿ ಆ ವೇಷ ಕಂಡು ಬಸ್ಸಿಗೆ ಕಾಯುತ್ತಿದ್ದವರೆಲ್ಲ ಈ ಕಡೆ ತಿರುಗಿದರು. ಮೊದಲು ಎಂಜಿನ್ ತಣ್ಣಗಾಗುವವರೆಗೆ ಕಾದರು. ಆಮೇಲೆ ಸೋಪಿನ ನೀರು ಮೆಲ್ಲಗೆ ಸುರಿದು ಅಂಟಿದ್ದನ್ನೆಲ್ಲ ನೆನೆಸಿದರು. ಜಾಲರಿಯ ಕೂದಲನ್ನು ಚಿಮಟದಿಂದ ಬಿಡಿಸಿದರು. ಒಡೆದ ಪ್ಲಾಸ್ಟಿಕ್ಕಿನ ಚೂಪಿಗೆ ಗ್ಲೌಸು ಹರಿಯದಂತೆ ಎಚ್ಚರ. ಹಳೆಯ ಪೇಪರಿನಿಂದ ಒರೆಸಿ ಒರೆಸಿ, ಆ ಪೇಪರನ್ನು ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ ಗಂಟು ಬಿಗಿದರು.

"ಮಾವ, ನಾನೂ ಕೈ ಹಾಕ್ಲಾ?"

"ಅಲ್ಲೇ ನಿಲ್ಲು!"

ಕೊನೆಗೆ ಬ್ಲೀಚಿಂಗ್ ಪುಡಿಯ ಡಬ್ಬಿ ಹೊರಬಂತು. ಅದರ ಮೇಲೆ ಬರೆದದ್ದನ್ನು ಪುರಾಣ ಓದುವವರಂತೆ ಗಟ್ಟಿಯಾಗಿ ಓದಿ, ಅಷ್ಟೇ ಪುಡಿಯನ್ನು ನೀರಿಗೆ ಬೆರೆಸಿದರು. ಪಂಕ್ಚರ್ ಅಂಗಡಿಯವನು ಭಕ್ತಿಯಿಂದ, "ಇದಕ್ಕೆ ಸ್ವಲ್ಪ ಆಸಿಡ್ ಸೇರಿಸ್ಲಾ ಸಾರ್? ಬಾತ್‌ರೂಮಿಂದು ಇದೆ" ಎಂದ.

"ಸೇರಿಸು, ಸೇರಿಸು. ವಿಷದ ಹೊಗೆ ಎದ್ದು ಹಂದಿ ಹೋದ ದಾರೀಲೇ ನಾವಿಬ್ರೂ ಹೋಗೋಣ!"

ಅವನು ಆಸಿಡ್ ಬಾಟಲಿಯ ಕಡೆ ಮತ್ತೆ ತಿರುಗಿಯೂ ನೋಡಲಿಲ್ಲ.

ಆ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬಣ್ಣ ಕೆಡದಂತೆ ಚೆನ್ನಾಗಿ ತೊಳೆಯುತ್ತಿರುವಾಗ ಹೆಂಡತಿಯ ಫೋನು ಬಂತು. "ಎಲ್ಲಿದ್ದೀರಿ?"

"ಕೊಟ್ಟಿಗೆಹಾರದಲ್ಲಿ. ಕಾರು... ತೊಳೀತಿದ್ದೀವಿ."

"ನಾನಿಲ್ಲಿ ಮಗು ಇಟ್ಕೊಂಡು ಕಾಯ್ತಿದ್ದೀನಿ, ನೀವಲ್ಲಿ ಕಾರು ತೊಳೀತಿದ್ದೀರಾ? ಮಾವ ಜೊತೇಲಿದ್ದಾರಾ?"

"ಹೂಂ."

"ಗೊತ್ತಾಯ್ತು ಬಿಡಿ" ಎಂದು ಫೋನಿಟ್ಟಳು. ಹಂದಿಯ ವಿಷಯ ಹೇಳಲು ನನಗೆ ಅವಕಾಶವೇ ಸಿಗಲಿಲ್ಲ!

ಮಾವ ಗ್ಲೌಸನ್ನು ಒಳಮೈ ಹೊರಗಾಗುವಂತೆ ಸುಲಿದು ಅದೇ ಕವರಿಗೆ ಹಾಕಿದರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. ಕೋಟನ್ನು ಬೇರೆ ಚೀಲಕ್ಕೆ ತುರುಕಿ, ಉಣುಗು ಹತ್ತಿದೆಯೇ ಎಂದು ಅಂಗಿ ಪಂಚೆ ಎಲ್ಲ ಕೊಡವಿ ನೋಡಿಕೊಂಡರು. ನಾನು ಕಾರಿನ ಬಾಗಿಲು ತೆರೆದು ಹಿಡಿದೆ. "ಹತ್ತಿ ಮಾವ, ಹೊತ್ತಾಯ್ತು."

"ನಾನು ಬರಲ್ಲ."

"ಮತ್ತೆ?"

"ಕಳಸದ ಬಸ್ಸಿಗೆ ಹೋಗ್ತೀನಿ. ನನ್ನ ಮೈಯೆಲ್ಲ ಬ್ಲೀಚಿಂಗ್ ನಾತ. ಜೊತೆಗೆ ಆ ರಕ್ತದ ಹತ್ತಿರ ಇದ್ದವ್ನು ನಾನು. ಮಗು ಇರೋ ಕಾರಲ್ಲಿ ಕೂರೋದಾ? ಸ್ನಾನ ಮಾಡಿ ಸಂಜೆ ಬಂದು ನೋಡ್ತೀನಿ."

ಮಗುವನ್ನು ನೋಡಬೇಕೆಂದು ಮುಂಜಾನೆಯೇ ಎದ್ದು, ತಿಂಡಿಯನ್ನೂ ತಿನ್ನದೆ ಹೊರಟಿದ್ದ ಮನುಷ್ಯ! ನನಗೆ ಸಂಕಟವಾಯಿತು. ಸ್ವಲ್ಪ ಸಿಟ್ಟೂ ಬಂತು. "ಹಾಗಾದ್ರೆ ನನಗಾದ್ರೂ ತೊಳೆಯೋಕೆ ಬಿಡಬಾರದಿತ್ತಾ? ಇನ್ನೊಂದು ಜೊತೆ ಗ್ಲೌಸು ನಿಮ್ಮ ಚೀಲದಲ್ಲೇ ಇತ್ತು, ನಾನು ನೋಡಿದೆ. ನಾನು ತೊಳೆದ್ರೆ ನಿಮಗೆ ಸಮಾಧಾನ ಇಲ್ಲ, ಅಲ್ವಾ?"

ಮಾವ ನನ್ನ ಮುಖವನ್ನೇ ನೋಡಿದರು. ದಡ್ಡ ಗಿರಾಕಿಯೊಬ್ಬನಿಗೆ ರಬ್ಬರ್ ಯಾವುದು, ಶಾರ್ಪನರ್ ಯಾವುದು ಎಂದು ಬಿಡಿಸಿ ಹೇಳುವಂತೆ ಹೇಳಿದರು:

"ಇವತ್ತು ಮೊದಲ ಸಲ ಮಗೂನ ಎತ್ಕೊಳ್ಳೋ ಕೈ ಅಲ್ವೇನೋ ಮಾರಾಯ ಅದು? ಅದಕ್ಕೆ ರಕ್ತ ತಾಗಿಸ್ಲಾ?"

ಅಷ್ಟರಲ್ಲಿ ಬಸ್ಸು ಬಂತು. ಅವರು ಹತ್ತಿ, ಸೀಟನ್ನು ಕರ್ಚೀಫಿನಿಂದ ಒರೆಸಿ ಕೂತರು.

ಮೂಡಿಗೆರೆಯ ಆಸ್ಪತ್ರೆಯಲ್ಲಿ ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮಗುವನ್ನು ನನ್ನ ಕಡೆ ಚಾಚಿದಳು. ನಾನು ಎರಡೂ ಕೈ ಮುಂದೆ ಹಿಡಿದೆ. ಮಗು ಬಂದು ಕೂತಿತು. ಅದಕ್ಕೆ ತೂಕವೇ ಇರಲಿಲ್ಲ, ಬರೀ ಬಿಸುಪು. ನನಗೆ ಎದುರಿಗಿದ್ದದ್ದು ಯಾವುದೂ ಸರಿಯಾಗಿ ಕಾಣದಾಯಿತು.

"ಯಾಕ್ರೀ, ಕಣ್ಣಲ್ಲಿ ನೀರು?" ಎಂದಳು ಹೆಂಡತಿ.

"ಬ್ಲೀಚಿಂಗ್ ಪುಡಿ ಕಣ್ಣಿಗೆ ಹೋಗಿದೆ" ಎಂದೆ.

ಆ ಡಬ್ಬಿಯ ಹತ್ತಿರಕ್ಕೂ ಮಾವ ನನ್ನನ್ನು ಬಿಟ್ಟಿರಲಿಲ್ಲ.